ಸ್ಯಾಮ್‌ಸಂಗ್ 870 ಇವೊ ಎಸ್‌ಎಸ್‌ಡಿ: ಹಳೆಯ ಲ್ಯಾಪ್‌ಟಾಪಿಗೆ ಹೊಸ ಜೀವ, ಹಳೆಯ ಹಾರ್ಡ್ ಡಿಸ್ಕಿಗೆ ಹೊಸ ಕೆಲಸ

ಲ್ಯಾಪ್‌ಟಾಪ್ ನಿಧಾನವಾಯಿತೆಂದು ಯಾರನ್ನೇ ಕೇಳಿದರೂ ಹೊಸದನ್ನು ಕೊಳ್ಳಿ ಎಂಬ ಉತ್ತರವೇ ಬರುತ್ತದೆ. ಕನ್ನಡ ಪುಸ್ತಕಗಳ ಪುಟವಿನ್ಯಾಸಕ್ಕೆ ನಾನು ಬಳಸುವ ಯಂತ್ರದ ಪ್ರೊಸೆಸರ್ ಗಟ್ಟಿಯಾಗಿದೆ, 8 ಜಿಬಿ ರ‍್ಯಾಮ್ ಇದೆ, ಪರದೆಯೂ ಕೀಲಿಮಣೆಯೂ ಇಂದಿಗೂ ಚೊಕ್ಕಟವಾಗಿವೆ. ಹಾಗಿದ್ದರೂ ಆನ್ ಮಾಡಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ಅದು ತೆಗೆದುಕೊಳ್ಳುತ್ತಿದ್ದ ಹೊತ್ತು ಸಹಿಸಲಾರದಷ್ಟಾಗಿತ್ತು. ದೋಷವೆಲ್ಲ ಅದರ ದ್ವಿತೀಯಕ ಸಂಗ್ರಹ ಸಾಧನದಲ್ಲಿ, ಅಂದರೆ ವಿದ್ಯುತ್ ಹೋದ ಮೇಲೂ ಕಡತಗಳನ್ನು ಉಳಿಸಿಕೊಳ್ಳುವ ಹಾರ್ಡ್ ಡಿಸ್ಕಿನಲ್ಲಿತ್ತು. ಅದನ್ನು ತೆಗೆದು ಸ್ಯಾಮ್‌ಸಂಗ್ 870 ಇವೊ ಎಂಬ ಎಸ್‌ಎಸ್‌ಡಿಯ, ಅಂದರೆ ತಿರುಗುವ ಭಾಗಗಳಿಲ್ಲದೆ ಚಿಪ್ಪುಗಳಲ್ಲೇ ಕಡತಗಳನ್ನು ಉಳಿಸುವ ಡ್ರೈವಿನ, 500 ಜಿಬಿ ಮಾದರಿಯನ್ನು ಕೂರಿಸಿ, ಸಾಕಷ್ಟು ಕಾಲ ದಿನನಿತ್ಯದ ಕೆಲಸಕ್ಕೆ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೆಲಸ ಮಾಡುವ ಡಿಸ್ಕಾಗಿ ಇದನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಆದರೆ ವರ್ಷಗಟ್ಟಲೆ ಕಡತಗಳನ್ನು ಕಾಪಿಡುವ ಪೆಟ್ಟಿಗೆಯಾಗಿ ಇದನ್ನು ಕೊಳ್ಳಬಾರದು. ಈ ಎರಡು ಮಾತುಗಳಿಗೂ ಕಾರಣ ಒಂದೇ, ಅದು ಒಳಗೆ ಕೆಲಸ ಮಾಡುವ ಬಗೆ.

ಮೊದಲು ತೆಗೆದುಹಾಕಿದ ಹಾರ್ಡ್ ಡಿಸ್ಕಿನ ವಿಷಯ. ಅದರೊಳಗೆ ಕಾಂತೀಯ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ಓದುತಲೆಯನ್ನು ಒಂದು ತೋಳು ಬೇಕಾದ ಜಾಡಿಗೆ ಒಯ್ಯುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿ ಓದುತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಜಾಡಿನಿಂದ ಜಾಡಿಗೆ ಸರಿಯಲು ಇನ್ನೂ ಸುಮಾರು 12 ಮಿಲಿಸೆಕೆಂಡು. ಲೆಕ್ಕ ಹಾಕಿದರೆ, ಬೇರೆ ಬೇರೆ ಕಡೆ ಚದುರಿರುವ ತುಣುಕುಗಳನ್ನು ಇಂಥ ಡಿಸ್ಕು ಸೆಕೆಂಡಿಗೆ ಐವತ್ತು ಅರವತ್ತಕ್ಕಿಂತ ಹೆಚ್ಚು ಓದಲಾರದು. ಪ್ರತಿ ತುಣುಕೂ 4 ಕೆಬಿ ಎಂದಿಟ್ಟುಕೊಂಡರೆ ಸೆಕೆಂಡಿಗೆ ಕಾಲು ಎಂಬಿಯೂ ಆಗುವುದಿಲ್ಲ. ಒಂದೇ ದೊಡ್ಡ ವಿಡಿಯೊವನ್ನು ಸಾಲಾಗಿ ಓದುವಾಗ ಸೆಕೆಂಡಿಗೆ ಸುಮಾರು 100 ಎಂಬಿ ಕೊಡುವ ಅದೇ ಡಿಸ್ಕು, ಸಣ್ಣ ಕಡತಗಳ ಮುಂದೆ ಹೀಗೆ ಏದುಸಿರು ಬಿಡುತ್ತದೆ.

ಕನ್ನಡದ ಡಿಟಿಪಿ ಕೆಲಸವೆಂದರೆ ಈ ಸಣ್ಣ ಕಡತಗಳದ್ದೇ ಕಾರುಬಾರು. ಕನ್ನಡ ಗಣಕ ಪರಿಷತ್ತಿನ ನುಡಿ ಅಕ್ಷರಶೈಲಿಗಳು, ಬರಹ ತಂತ್ರಾಂಶದ ಅಕ್ಷರಶೈಲಿಗಳು, ಅವುಗಳ ಜೊತೆಗೆ ಯೂನಿಕೋಡ್ ಅಕ್ಷರಶೈಲಿಗಳು, ಒಬ್ಬೊಬ್ಬ ಪ್ರಕಾಶಕರು ಕಳಿಸಿದ ಬಿಡಿ ಫಾಂಟುಗಳು, ಹೀಗೆ ನೂರಾರು ಕಡತಗಳು ಒಂದೇ ಫೋಲ್ಡರಿನಲ್ಲಿ ಕೂತಿರುತ್ತವೆ. ಪುಟವಿನ್ಯಾಸದ ತಂತ್ರಾಂಶವನ್ನು ತೆರೆದಾಗ ಅದು ಇವನ್ನೆಲ್ಲ ಒಂದೊಂದಾಗಿ ಮುಟ್ಟಿನೋಡುತ್ತದೆ. ಜೊತೆಗೆ ಆಂಟಿವೈರಸ್ ಪ್ರತಿಯೊಂದನ್ನೂ ಪರಿಶೀಲಿಸುತ್ತದೆ, ವಿಂಡೋಸ್ ಹಿನ್ನೆಲೆಯಲ್ಲಿ ತನ್ನ ಸೂಚಿಯನ್ನು ಪರಿಷ್ಕರಿಸುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಳಕೆ ಹತ್ತು ಪ್ರತಿಶತ, ಡಿಸ್ಕ್ ಬಳಕೆ ನೂರು ಪ್ರತಿಶತ ಎಂದು ಕಾಣುತ್ತದೆ. ನಿಮ್ಮ ಯಂತ್ರದಲ್ಲೂ ಹೀಗೆ ಕಾಣುತ್ತಿದ್ದರೆ, ಹೊಸ ಲ್ಯಾಪ್‌ಟಾಪಿನ ಯೋಚನೆಯನ್ನು ಬದಿಗಿಟ್ಟು ಡಿಸ್ಕನ್ನಷ್ಟೇ ಬದಲಿಸುವ ವಿಚಾರ ಮಾಡಿ.

ಇನ್ನು ಸಾಧನ. 870 ಇವೊ 2021ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ, ಸಾಟಾ ಎಂಬ ಸಂಪರ್ಕ ವ್ಯವಸ್ಥೆಯನ್ನು ಬಳಸುವ ಎಸ್‌ಎಸ್‌ಡಿ. ಎರಡೂವರೆ ಇಂಚಿನ ಅಳತೆ, 7 ಮಿಲಿಮೀಟರಿಗಿಂತ ತುಸು ಕಡಿಮೆ ದಪ್ಪ. ಕೈಯಲ್ಲಿ ಹಿಡಿದರೆ ಒಳಗೇನೂ ಇಲ್ಲವೇನೋ ಎನ್ನಿಸುವಷ್ಟು ಹಗುರ, ಕಪ್ಪು ಲೋಹದ ಕವಚದ ಮೂಲೆಯಲ್ಲಿ ಬೂದು ಬಣ್ಣದ ಚಿಕ್ಕ ಚೌಕ. ಅಂಚಿನಲ್ಲಿ ಬಾಚಣಿಕೆಯಂಥ ಎರಡು ಜೋಡಣೆಗಳು ಅಕ್ಕಪಕ್ಕ ಇವೆ. ಚಿಕ್ಕದರಲ್ಲಿ 7 ಪಿನ್ನುಗಳು ಮಾಹಿತಿಗೆ, ಉದ್ದದ್ದರಲ್ಲಿ 15 ಪಿನ್ನುಗಳು ವಿದ್ಯುತ್ತಿಗೆ. ಹಳೆಯ ಹಾರ್ಡ್ ಡಿಸ್ಕಿನಲ್ಲೂ ಇದೇ ಜೋಡಣೆ ಇರುವುದರಿಂದ ಒಂದನ್ನು ಕಿತ್ತು ಇನ್ನೊಂದನ್ನು ಸರಿಸಿದರೆ ಸಾಕು. ಪೆಟ್ಟಿಗೆಯಲ್ಲಿ ಡ್ರೈವ್ ಮತ್ತು ಸಣ್ಣ ಕೈಪಿಡಿ ಮಾತ್ರ ಬರುತ್ತವೆ. ಹೀಗಾಗಿ ಹಳೆಯ ಡಿಸ್ಕನ್ನು ಹಿಡಿದಿದ್ದ ತಗಡಿನ ಚೌಕಟ್ಟನ್ನೂ ಅದರ ನಾಲ್ಕು ಸಣ್ಣ ತಿರುಪುಗಳನ್ನೂ ಜೋಪಾನವಾಗಿ ತೆಗೆದಿಟ್ಟುಕೊಳ್ಳಬೇಕು. ಡೆಸ್ಕ್‌ಟಾಪಿಗೆ ಹಾಕುವವರು ಸಾಟಾ ಕೇಬಲನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ.

ಇರುವ ವಿಂಡೋಸನ್ನು ಇದ್ದಂತೆಯೇ ಹೊಸ ಡ್ರೈವಿಗೆ ಕ್ಲೋನ್ ಮಾಡಲು ಸ್ಯಾಮ್‌ಸಂಗ್‌ನದೇ ಡೇಟಾ ಮೈಗ್ರೇಷನ್ ಎಂಬ ಸೌಲಭ್ಯ ಉಚಿತವಾಗಿ ಸಿಗುತ್ತದೆ. ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಒಂದು ಕೇಬಲ್ ಬೇಕು, ಕೆಲವು ಗಂಟೆಗಳ ಸಮಯ ಬೇಕು. ಆ ಸಮಯವೆಲ್ಲ ಹಳೆಯ ಡಿಸ್ಕು ಓದುವುದಕ್ಕೆ ತೆಗೆದುಕೊಳ್ಳುವುದೇ. ಅನಗತ್ಯ ತಂತ್ರಾಂಶಗಳು ತುಂಬಿರುವ ಯಂತ್ರವಾದರೆ ಹೊಸದಾಗಿಯೇ ವಿಂಡೋಸ್ ಹಾಕುವುದು ಲೇಸು. ನಾನು ಕ್ಲೋನ್ ಮಾಡುವ ದಾರಿಯನ್ನೇ ಆರಿಸಿಕೊಂಡೆ, ಏಕೆಂದರೆ ಹಳೆಯ ಫಾಂಟುಗಳನ್ನೂ ಕೀಲಿಮಣೆಯ ವಿನ್ಯಾಸಗಳನ್ನೂ ಮತ್ತೆ ಹೊಂದಿಸುವುದು ತಲೆನೋವಿನ ಕೆಲಸ.

ಫಲ ಮೊದಲ ಸಲ ಆನ್ ಮಾಡಿದಾಗಲೇ ಕಾಣಿಸಿತು. ನಿಮಿಷಗಳ ಲೆಕ್ಕದಲ್ಲಿದ್ದ ಕಾಯುವಿಕೆ ಸೆಕೆಂಡುಗಳಿಗೆ ಇಳಿಯಿತು. ಫಾಂಟುಗಳ ಪಟ್ಟಿ ಬಿಚ್ಚಿಕೊಳ್ಳುವಾಗ ಹೆಪ್ಪುಗಟ್ಟಿ ನಿಲ್ಲುತ್ತಿದ್ದ ತಂತ್ರಾಂಶ ಈಗ ಕ್ಲಿಕ್ ಮಾಡಿದೊಡನೆ ಪಟ್ಟಿಯನ್ನು ತೋರಿಸುತ್ತದೆ. ಮುನ್ನೂರು ಪುಟದ ಪುಸ್ತಕವನ್ನು ಪಿಡಿಎಫ್‌ಗೆ ಕಳಿಸಿ ಅದೇ ಹೊತ್ತಿನಲ್ಲಿ ಮತ್ತೊಂದು ಅಧ್ಯಾಯವನ್ನು ತಿದ್ದಬಹುದು. ಕಂಪನಿ ಪೆಟ್ಟಿಗೆಯ ಮೇಲೆ ಮುದ್ರಿಸುವುದು ಸೆಕೆಂಡಿಗೆ 560 ಎಂಬಿ ಓದು, 530 ಎಂಬಿ ಬರಹ ಎಂಬ ಅಂಕಿಗಳನ್ನು. ಅವು ಸತ್ಯವೇ, ಆದರೆ ನಮಗೆ ಅನುಭವಕ್ಕೆ ಬರುವ ವೇಗಕ್ಕೆ ಅವು ಮುಖ್ಯ ಕಾರಣವಲ್ಲ. ಮುಖ್ಯವಾದ ಅಂಕಿ ತಾಂತ್ರಿಕ ವಿವರಪಟ್ಟಿಯ ಕೆಳಗಿನ ಸಾಲಿನಲ್ಲಿದೆ. ಚದುರಿದ 4 ಕೆಬಿ ತುಣುಕುಗಳನ್ನು ಒಂದಾದ ಮೇಲೊಂದರಂತೆ ಕೇಳಿದಾಗ ಇದು ಸೆಕೆಂಡಿಗೆ ಸುಮಾರು 13,000 ತುಣುಕುಗಳನ್ನು ಓದಬಲ್ಲದು. ಬೇಡಿಕೆಗಳನ್ನು ಒಟ್ಟೊಟ್ಟಿಗೆ ಸಾಲುಗಟ್ಟಿಸಿ ಕೊಟ್ಟರೆ 98,000ದವರೆಗೆ ಹೋಗುತ್ತದೆ. ಮೇಲೆ ಹೇಳಿದ ಐವತ್ತು ಅರವತ್ತಕ್ಕೆ ಹೋಲಿಸಿದರೆ ಇದು ಇನ್ನೂರು ಪಟ್ಟಿಗೂ ಮೀರಿದ ಅಂತರ. ತಿರುಗುವ ತಟ್ಟೆ ಇಲ್ಲ, ಸರಿಯಬೇಕಾದ ತೋಳಿಲ್ಲ, ಆದ್ದರಿಂದ ಕಾಯುವ ಪ್ರಶ್ನೆಯೂ ಇಲ್ಲ.

560 ಎಂಬ ಅಂಕಿಯ ಬಳಿ ಇದು ನಿಲ್ಲುವುದಕ್ಕೆ ಸಾಟಾ ಸಂಪರ್ಕವೇ ಕಾರಣ. ಸೆಕೆಂಡಿಗೆ 6 ಗಿಗಾಬಿಟ್ ಸಾಗಿಸುವ ಸಾಟಾದಲ್ಲಿ ಪ್ರತಿ 8 ಬಿಟ್ ಮಾಹಿತಿಯನ್ನು 10 ಬಿಟ್‌ಗಳಾಗಿ ಕಳಿಸುವುದರಿಂದ ಗರಿಷ್ಠ ಮಿತಿ 600 ಎಂಬಿ. ಇನ್ನೂ ಹಳೆಯ, 3 ಗಿಗಾಬಿಟ್ ಸಾಟಾ ಇರುವ ಲ್ಯಾಪ್‌ಟಾಪುಗಳಲ್ಲಿ ಈ ಮಿತಿ 300. ಅಂಥ ಯಂತ್ರಕ್ಕೂ ಇದನ್ನು ಹಾಕಬಹುದು. ಸಣ್ಣ ಕಡತಗಳ ಓದಿಗೆ ಆ ಮಿತಿಯಿಂದ ಹೇಳಿಕೊಳ್ಳುವಂಥ ನಷ್ಟವಾಗುವುದಿಲ್ಲ.

ಹಾಗಾದರೆ ಕಡತ ಕೂರುವುದೆಲ್ಲಿ? ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯ ನ್ಯಾಂಡ್ ಎಂಬ ಬಗೆಯೇ ಇಂದಿನ ಎಸ್‌ಎಸ್‌ಡಿ, ಪೆನ್ ಡ್ರೈವ್, ಮೊಬೈಲ್ ಎಲ್ಲಕ್ಕೂ ಆಧಾರ. ಇದರ ಪ್ರತಿ ಕೋಶದಲ್ಲೂ ಸುತ್ತ ನಿರೋಧಕ ಪದರವಿರುವ ಒಂದು ತೆಳು ನೆಲೆ ಇರುತ್ತದೆ. ಎತ್ತರದ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನುಗಳನ್ನು ಆ ನೆಲೆಗೆ ನುಗ್ಗಿಸಿದರೆ, ವಿದ್ಯುತ್ ಕಡಿದ ಮೇಲೂ ಅವು ಅಲ್ಲಿಯೇ ಸಿಕ್ಕಿಕೊಂಡಿರುತ್ತವೆ. 870 ಇವೊದಲ್ಲಿರುವುದು ಟಿಎಲ್‌ಸಿ, ಅಂದರೆ ಒಂದು ಕೋಶದಲ್ಲಿ 3 ಬಿಟ್. ಮೂರು ಬಿಟ್ ಹಿಡಿಯಬೇಕಾದರೆ ಕೋಶದೊಳಗಿನ ವಿದ್ಯುದಾವೇಶವನ್ನು 8 ಬೇರೆ ಬೇರೆ ಮಟ್ಟಗಳಲ್ಲಿ ಗುರುತಿಸಬೇಕು. ಅಗ್ಗದ ಕ್ಯೂಎಲ್‌ಸಿ ಡ್ರೈವುಗಳಲ್ಲಿ 4 ಬಿಟ್, 16 ಮಟ್ಟ. ಮಟ್ಟಗಳು ಹೆಚ್ಚಿದಷ್ಟೂ ಅವುಗಳ ನಡುವಿನ ಅಂತರ ಕಿರಿದಾಗುತ್ತದೆ. ಬರೆಯುವುದು ನಿಧಾನವಾಗುತ್ತದೆ, ಕೋಶ ಬೇಗ ಸವೆಯುತ್ತದೆ. ಬೆಲೆಯ ವ್ಯತ್ಯಾಸದ ಹಿಂದಿರುವ ಗುಟ್ಟು ಇದೇ.

ನ್ಯಾಂಡ್‌ಗೆ ಇನ್ನೊಂದು ವಿಚಿತ್ರ ನಿಯಮವಿದೆ. ಬರೆಯುವುದು ಕೆಲವು ಕೆಬಿಗಳ ಪುಟದ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳ ಒಂದು ಬ್ಲಾಕಿನ ಲೆಕ್ಕದಲ್ಲಿ. ಬಳಪದಲ್ಲಿ ಅಕ್ಷರ ಅಕ್ಷರವಾಗಿ ಬರೆದು, ಅಳಿಸುವಾಗ ಮಾತ್ರ ಇಡೀ ಹಲಗೆಯನ್ನೇ ತೊಳೆಯಬೇಕಾದಂತೆ. ಹೀಗಾಗಿ ನೀವು ಒಂದು ಕಡತವನ್ನು ತಿದ್ದಿ ಉಳಿಸಿದಾಗ ಅದು ಹಳೆಯ ಜಾಗದಲ್ಲಿ ಬರೆಯಲ್ಪಡುವುದಿಲ್ಲ. ಡ್ರೈವಿನ ಕೆಲಸವನ್ನೆಲ್ಲ ನಿಯಂತ್ರಿಸುವ ಕಂಟ್ರೋಲರ್ ಚಿಪ್ ಎಲ್ಲೋ ಖಾಲಿ ಇರುವ ಪುಟದಲ್ಲಿ ಹೊಸ ಪ್ರತಿಯನ್ನು ಬರೆದು, ಹಳೆಯದನ್ನು ರದ್ದೆಂದು ಗುರುತಿಸಿ, ಯಾವ ಕಡತದ ಯಾವ ತುಣುಕು ಎಲ್ಲಿದೆ ಎಂಬ ನಕ್ಷೆಯನ್ನು ತಿದ್ದಿಕೊಳ್ಳುತ್ತದೆ. ಈ ನಕ್ಷೆಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು 500 ಜಿಬಿ ಮಾದರಿಯಲ್ಲಿ 512 ಎಂಬಿಯ, ವಿದ್ಯುತ್ ಇರುವಷ್ಟು ಹೊತ್ತು ಮಾತ್ರ ಮಾಹಿತಿ ಹಿಡಿಯುವ ಪ್ರತ್ಯೇಕ ಡಿರ‍್ಯಾಮ್ ಚಿಪ್ ಇದೆ. ಅಗ್ಗದ ಅನೇಕ ಡ್ರೈವುಗಳಲ್ಲಿ ಈ ಚಿಪ್ಪನ್ನೇ ಬಿಟ್ಟಿರುತ್ತಾರೆ. ಹೊಸತರಲ್ಲಿ ಅವು ಚೆನ್ನಾಗಿಯೇ ಓಡುತ್ತವೆ, ಮುಕ್ಕಾಲು ತುಂಬಿದ ಮೇಲೆ ತಡವರಿಸತೊಡಗುತ್ತವೆ. ಬಿಡುವಿದ್ದಾಗ ಕಂಟ್ರೋಲರ್ ರದ್ದಾದ ಪುಟಗಳಿರುವ ಬ್ಲಾಕುಗಳನ್ನು ಹುಡುಕಿ, ಉಳಿದ ಒಳ್ಳೆಯ ಪುಟಗಳನ್ನು ಬೇರೆಡೆಗೆ ಸಾಗಿಸಿ, ಬ್ಲಾಕನ್ನು ತೊಳೆದಿಡುತ್ತದೆ. ಯಾವ ಪುಟಗಳು ಬೇಡವಾದವು ಎಂದು ವಿಂಡೋಸ್ ಅದಕ್ಕೆ ತಿಳಿಸುವ ಸೂಚನೆಗೆ ಟ್ರಿಮ್ ಎನ್ನುತ್ತಾರೆ. ಇಷ್ಟೆಲ್ಲ ಸ್ಥಳಾಂತರಕ್ಕೆ ಖಾಲಿ ಜಾಗ ಬೇಕು. ಆದ್ದರಿಂದ ಡ್ರೈವಿನ ಹತ್ತು ಹದಿನೈದು ಪ್ರತಿಶತವನ್ನು ತುಂಬದೆ ಬಿಡುವುದು ಒಳ್ಳೆಯ ಅಭ್ಯಾಸ. ಹಾರ್ಡ್ ಡಿಸ್ಕಿಗೆ ಮಾಡುತ್ತಿದ್ದ ಡಿಫ್ರಾಗ್, ಅಂದರೆ ಚದುರಿದ ತುಣುಕುಗಳನ್ನು ಒಂದೆಡೆ ಸೇರಿಸುವ ಕೆಲಸ, ಇಲ್ಲಿ ಬೇಡ. ಚದುರಿದ ತುಣುಕುಗಳಿಂದ ಎಸ್‌ಎಸ್‌ಡಿಗೆ ತೊಂದರೆಯಿಲ್ಲ, ಡಿಫ್ರಾಗ್ ಮಾಡಿದರೆ ಸುಮ್ಮನೆ ಸವೆತ ಹೆಚ್ಚುತ್ತದೆ.

ಬರೆಯುವ ವೇಗದ ಬಗ್ಗೆ ಒಂದು ಎಚ್ಚರಿಕೆ. ಟಿಎಲ್‌ಸಿಯ ನಿಧಾನವನ್ನು ಮರೆಸಲು ಟರ್ಬೊರೈಟ್ ಎಂಬ ಉಪಾಯವನ್ನು ಇದರಲ್ಲಿ ಅಳವಡಿಸಿದ್ದಾರೆ. ಕೋಶಗಳ ಒಂದು ಭಾಗವನ್ನು ತಾತ್ಕಾಲಿಕವಾಗಿ 1 ಬಿಟ್‌ನಂತೆ ಬಳಸಿ ಬೇಗಬೇಗನೆ ಬರೆದುಕೊಂಡು, ಆಮೇಲೆ ನಿಧಾನವಾಗಿ 3 ಬಿಟ್ ಕೋಶಗಳಿಗೆ ವರ್ಗಾಯಿಸುತ್ತದೆ. 500 ಜಿಬಿ ಮಾದರಿಯಲ್ಲಿ ಈ ಭಾಗ ಗರಿಷ್ಠ 22 ಜಿಬಿ. ಅದಕ್ಕಿಂತ ದೊಡ್ಡ ಕಡತವನ್ನು ಒಂದೇ ಉಸಿರಿಗೆ ಬರೆದರೆ ವೇಗ ಇಳಿಯುತ್ತದೆ. ಪುಸ್ತಕದ ಕೆಲಸದಲ್ಲಿ ಆ ಮಿತಿಯ ಹತ್ತಿರವೂ ಹೋಗುವುದಿಲ್ಲ. ಮದುವೆಯ ವಿಡಿಯೊ ಸಂಕಲನ ಮಾಡುವವರು 1 ಟಿಬಿ ಅಥವಾ ಅದಕ್ಕೂ ದೊಡ್ಡ ಮಾದರಿಯನ್ನು ನೋಡಬೇಕು.

ಬಾಳಿಕೆಯ ವಿಷಯದಲ್ಲಿ ಜನರಿಗಿರುವ ಭಯ ಅತಿಯಾದದ್ದು. ಈ ಮಾದರಿಗೆ 5 ವರ್ಷ ಅಥವಾ ಒಟ್ಟು 300 ಟಿಬಿ ಬರಹ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇದೆ. ದಿನಕ್ಕೆ 40 ಜಿಬಿ ಬರೆದರೂ 300 ಟಿಬಿ ಮುಟ್ಟಲು ಇಪ್ಪತ್ತು ವರ್ಷ ಬೇಕು. ಕಚೇರಿ ಕೆಲಸ ಮಾಡುವವರು ಅಷ್ಟನ್ನು ಬರೆಯುವುದೇ ಇಲ್ಲ. ಎಷ್ಟು ಬರೆದಿದೆ, ಆರೋಗ್ಯ ಹೇಗಿದೆ ಎಂಬುದನ್ನು ಕಂಪನಿಯ ಮ್ಯಾಜಿಶಿಯನ್ ತಂತ್ರಾಂಶದಲ್ಲಿ ಯಾವಾಗ ಬೇಕಾದರೂ ನೋಡಬಹುದು.

ನಿಜವಾದ ದೌರ್ಬಲ್ಯಗಳು ಬೇರೆ ಇವೆ, ಅವುಗಳ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಕಣ್ತಪ್ಪಿ ಅಳಿಸಿದ ಕಡತವನ್ನು ಅದರ ಮೇಲೆ ಬೇರೇನೂ ಬರೆಯುವ ಮುಂಚೆ ಮರಳಿ ಪಡೆಯಲು ಬಹಳಷ್ಟು ಸಲ ಸಾಧ್ಯವಾಗುತ್ತದೆ, ಏಕೆಂದರೆ ಅಳಿಸುವುದೆಂದರೆ ಅಲ್ಲಿ ಪಟ್ಟಿಯಿಂದ ಹೆಸರು ತೆಗೆಯುವುದಷ್ಟೇ. ಎಸ್‌ಎಸ್‌ಡಿಯಲ್ಲಿ ರೀಸೈಕಲ್ ಬಿನ್ ಖಾಲಿ ಮಾಡಿದೊಡನೆ ಟ್ರಿಮ್ ಸೂಚನೆ ಹೋಗುತ್ತದೆ. ಆ ಕಡತ ಹೋಯಿತೆಂದೇ ತಿಳಿಯಬೇಕು. ಎರಡನೆಯದು ಸಾವಿನ ರೀತಿ. ಹಾರ್ಡ್ ಡಿಸ್ಕು ಕೆಡುವ ಮುನ್ನ ಅನೇಕ ಸಲ ಟಕ್ ಟಕ್ ಸದ್ದು ಮಾಡುತ್ತದೆ, ತಡೆದು ತಡೆದು ಓದುತ್ತದೆ. ಎಸ್‌ಎಸ್‌ಡಿಯ ಕಂಟ್ರೋಲರ್ ಕೆಟ್ಟರೆ ನಿನ್ನೆ ಸಂಜೆ ಸರಿಯಿದ್ದದ್ದು ಇಂದು ಬೆಳಿಗ್ಗೆ ಕಾಣಿಸಿಕೊಳ್ಳುವುದೇ ಇಲ್ಲ, ಚಿಪ್ಪಿನೊಳಗೆ ಕಡತಗಳಿದ್ದರೂ ನಕ್ಷೆಯಿಲ್ಲದೆ ಅವುಗಳನ್ನು ಹೊರತೆಗೆಯುವುದು ಬಲು ಕಷ್ಟ. ಮೂರನೆಯದು ಕರೆಂಟು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಡಿರ‍್ಯಾಮ್‌ನಲ್ಲಿದ್ದ ಕೊನೆಯ ಮಾಹಿತಿ ನಷ್ಟವಾಗಬಹುದು. ಲ್ಯಾಪ್‌ಟಾಪಿನ ಬ್ಯಾಟರಿ ಗಟ್ಟಿಯಿದ್ದರೆ ಚಿಂತೆಯಿಲ್ಲ. ಲೋಡ್ ಶೆಡ್ಡಿಂಗ್ ಇರುವ ನಮ್ಮ ಊರುಗಳಲ್ಲಿ ಡೆಸ್ಕ್‌ಟಾಪಿಗೆ ಹಾಕುವವರಿಗೆ ಯುಪಿಎಸ್ ಕಡ್ಡಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಕೋಶದಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನುಗಳು ಶಾಶ್ವತವಾಗಿ ಅಲ್ಲಿರುವುದಿಲ್ಲ. ಬಹು ನಿಧಾನವಾಗಿ ಸೋರುತ್ತವೆ, ಬಿಸಿಲು ಸೆಕೆ ಹೆಚ್ಚಿದಷ್ಟೂ ಬೇಗ ಸೋರುತ್ತವೆ. ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಚಿಪ್ ಉದ್ಯಮದ ಮಾನದಂಡಗಳನ್ನು ರೂಪಿಸುವ ಜೆಡೆಕ್ ಸಂಸ್ಥೆ ಇಟ್ಟಿರುವ ಮಾನದಂಡದ ಪ್ರಕಾರ, ಬರಹದ ಮಿತಿಯನ್ನು ಪೂರ್ತಿ ಮುಟ್ಟಿ ಸವೆದ ಡ್ರೈವು ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಮಾಹಿತಿಯನ್ನು ಉಳಿಸಿಕೊಂಡರೆ ಸಾಕು. ಹೊಸ ಡ್ರೈವು ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ನಿಜ. ಆದರೂ ರಾಯಚೂರಿನಂಥ ಊರಿನ ಬೇಸಿಗೆಯಲ್ಲಿ ಕಬ್ಬಿಣದ ಬೀರುವಿನೊಳಗೆ ವರ್ಷಗಟ್ಟಲೆ ಮುಟ್ಟದೆ ಇಡುವುದಕ್ಕೆ ಇದು ತಕ್ಕ ವಸ್ತುವಲ್ಲ. ಹಾರ್ಡ್ ಡಿಸ್ಕಿನ ತಟ್ಟೆಯ ಮೇಲಿನ ಕಾಂತೀಯ ಗುರುತುಗಳಿಗೆ ಹೀಗೆ ಸೋರುವ ಸ್ವಭಾವವಿಲ್ಲ. ಬೀಳದಂತೆ, ತೇವ ತಾಗದಂತೆ ಇಟ್ಟು, ಆರು ತಿಂಗಳಿಗೊಮ್ಮೆ ಓಡಿಸಿ ನೋಡಿದರೆ ಅದು ನಂಬಿಕೆಗೆ ಹೆಚ್ಚು ಅರ್ಹ.

ಕಾಪಿಡುವ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎರಡು ಸಾವಿರದ ದಶಕದಲ್ಲಿ ಕನ್ನಡದ ಎಷ್ಟೋ ಪುಸ್ತಕಗಳ ಪುಟವಿನ್ಯಾಸದ ಕಡತಗಳನ್ನು 700 ಎಂಬಿಯ ಸಿಡಿಗಳಿಗೆ ಬರೆದು ಪ್ರಕಾಶಕರ ಕೈಗೆ ಕೊಡುತ್ತಿದ್ದರು. ಬರೆಯಬಲ್ಲ ಸಿಡಿಯಲ್ಲಿ ಲೇಸರ್ ಕಿರಣವು ಬಣ್ಣದ ಪದರವೊಂದನ್ನು ಸುಟ್ಟು ಗುರುತು ಮಾಡುತ್ತದೆ. ಬೆಳಕಿಗೂ ಸೆಕೆಗೂ ಆ ಬಣ್ಣ ಮಾಸುತ್ತದೆ. ಮರುಮುದ್ರಣಕ್ಕೆಂದು ಬಂದ ಅಂಥ ಸಿಡಿಗಳಲ್ಲಿ ಕೆಲವು ಯಾವ ಡ್ರೈವಿನಲ್ಲೂ ತೆರೆಯಲಿಲ್ಲ. ಮುದ್ರಿತ ಪುಸ್ತಕವನ್ನೇ ಮುಂದಿಟ್ಟುಕೊಂಡು ಮೊದಲ ಪುಟದಿಂದ ಟೈಪ್ ಮಾಡಿಸಬೇಕಾಯಿತು. ಎಸ್‌ಎಸ್‌ಡಿಯ ವೇಗಕ್ಕೆ ಮನಸೋತು, ಇದ್ದ ಒಂದೇ ಪ್ರತಿಯನ್ನು ಅದರಲ್ಲಿ ತುಂಬಿಟ್ಟು ನಿಶ್ಚಿಂತರಾಗಿರುವವರನ್ನು ಕಂಡಾಗ ನನಗೆ ಆ ಸಿಡಿಗಳ ಚಿಂತೆಯೇ ಕಾಡುತ್ತದೆ.

ಆದ್ದರಿಂದ ತೆಗೆದ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಕವಚದೊಳಗೆ ಅದನ್ನು ಕೂರಿಸಿದರೆ ಬ್ಯಾಕಪ್ ಡಿಸ್ಕು ಸಿದ್ಧ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶದಲ್ಲಿ ಅದರ ಸ್ಮಾರ್ಟ್ ವರದಿಯನ್ನು, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನು ನೋಡಿ. ಕೆಟ್ಟದ್ದರಿಂದ ಬದಲಿಸಲಾದ ಸೆಕ್ಟರುಗಳ, ಅಂದರೆ ತಟ್ಟೆಯ ಸಣ್ಣ ಭಾಗಗಳ, ಸಂಖ್ಯೆ ಏರುತ್ತಿದ್ದರೆ ಮಾತ್ರ ಕೈಬಿಡಿ. ನಾನು ವಾರಕ್ಕೊಮ್ಮೆ ಕೆಲಸದ ಫೋಲ್ಡರನ್ನು ಇಂಥ ಡಿಸ್ಕಿಗೆ ನಕಲಿಸಿ, ಕೂಡಲೇ ಕೇಬಲ್ ಬಿಚ್ಚಿಡುತ್ತೇನೆ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಬಂದರೂ ಬಿಚ್ಚಿಟ್ಟ ಡಿಸ್ಕನ್ನು ಮುಟ್ಟಲಾರದು. ಮುಗಿದ ಪುಸ್ತಕಗಳ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿದೆ. ಪೆನ್ ಡ್ರೈವನ್ನು ಈ ಕೆಲಸಕ್ಕೆ ನೆಚ್ಚಿಕೊಳ್ಳಬಾರದು. ಅದರಲ್ಲಿರುವುದೂ ನ್ಯಾಂಡ್ ಫ್ಲ್ಯಾಶೇ, ಆದರೆ ಸಾಮಾನ್ಯವಾಗಿ ಕೆಳದರ್ಜೆಯ ಚಿಪ್ಪು, ಬಡಪಾಯಿ ಕಂಟ್ರೋಲರ್. ಪ್ರೆಸ್ಸಿಗೆ ಪಿಡಿಎಫ್ ಒಯ್ಯುವುದಕ್ಕಷ್ಟೇ ಅದು ಸಾಕು.

ಕೊಳ್ಳುವವರು ಮೊದಲು ತಮ್ಮ ಯಂತ್ರದಲ್ಲಿ ಸಾಟಾಗಿಂತ ವೇಗದ, ಮದರ್‌ಬೋರ್ಡಿಗೇ ನೇರವಾಗಿ ಕೂರುವ ಡ್ರೈವುಗಳಿಗಾಗಿ ಇರುವ ಎಂ.2 ಎನ್‌ವಿಎಂಇ ಜಾಗವಿದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ಸಾಟಾದ ಗೊಡವೆ ಬೇಡ. ಸೆಕೆಂಡಿಗೆ 3,500 ಎಂಬಿ ಓದುವ ಎನ್‌ವಿಎಂಇ ಡ್ರೈವುಗಳು ಬಹಳ ಸಲ ಇದೇ ಬೆಲೆಗೆ ಸಿಗುತ್ತವೆ. ಎರಡೂವರೆ ಇಂಚಿನ ಜಾಗ ಮಾತ್ರ ಇರುವ ಹಳೆಯ ಲ್ಯಾಪ್‌ಟಾಪು, ಡೆಸ್ಕ್‌ಟಾಪುಗಳಿಗೆ 870 ಇವೊ ಸೂಕ್ತ. 250 ಜಿಬಿ ಮಾದರಿಯನ್ನು ಕೊಳ್ಳದಿರುವುದು ಒಳ್ಳೆಯದು: ವಿಂಡೋಸ್ ಮತ್ತು ತಂತ್ರಾಂಶಗಳು ಕೂತ ಮೇಲೆ ಉಸಿರಾಡಲು ಜಾಗ ಉಳಿಯುವುದಿಲ್ಲ, ಬರಹದ ಮಿತಿಯೂ ಅರ್ಧ, 150 ಟಿಬಿ. 500 ಜಿಬಿ ಡ್ರೈವನ್ನು ವಿಂಡೋಸ್ 465 ಎಂದು ತೋರಿಸಿದರೆ ಮೋಸವಾಯಿತೆಂದು ಗಾಬರಿಯಾಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಮೋಸ ಬೇರೆ ಕಡೆ ಇದೆ. ಹೆಸರಾಂತ ಕಂಪನಿಗಳ ಲೇಬಲ್ ಅಂಟಿಸಿದ ನಕಲಿ ಡ್ರೈವುಗಳು ಆನ್‌ಲೈನ್‌ನಲ್ಲೂ ಹೊರಗೂ ಮಾರಾಟವಾಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಿ, ನಿಮ್ಮೂರಿನ ಅಂಗಡಿಯಲ್ಲಿ ಕೊಳ್ಳಿ, ಸೀಲ್ ಮುರಿಯದ ಪೆಟ್ಟಿಗೆಯನ್ನೇ ಕೇಳಿ, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲನ್ನು ತಪ್ಪದೆ ಪಡೆಯಿರಿ, ಮನೆಗೆ ಬಂದ ದಿನವೇ ಮ್ಯಾಜಿಶಿಯನ್ ತೆರೆದು ಡ್ರೈವು ಅಸಲಿಯೆಂದು ಅದು ಗುರುತಿಸುತ್ತದೆಯೇ ಎಂದು ಪರೀಕ್ಷಿಸಿ. ಗುರುತಿಸದಿದ್ದರೆ ಕಡತಗಳನ್ನು ಅದಕ್ಕೆ ನಕಲಿಸುವ ಮೊದಲೇ ಹಿಂದಿರುಗಿಸಿ.